ಫುಟ್‌ಬಾಲ್ ಆಟಗಾರರ ಹಾಡುಗಳಲ್ಲಿ ಕೇಳಿಸುವುದು ಅವರದೇ ದನಿಯೇ?

ಓದುಗರ ಪ್ರಶ್ನೆ: ಇಂಗ್ಲೆಂಡಿನ ಫುಟ್‌ಬಾಲ್ ತಂಡಗಳು ಹಿಂದೆ ಪಾಪ್ ಹಾಡುಗಳನ್ನು ಹಾಡಿ ರೆಕಾರ್ಡ್ ಬಿಡುಗಡೆ ಮಾಡುತ್ತಿದ್ದವಂತೆ. ಅವುಗಳಲ್ಲಿ ನಿಜವಾಗಿಯೂ ಆಟಗಾರರೇ ಹಾಡಿದ್ದಾರೆಯೇ, ಇಲ್ಲವೇ ಹೆಸರು ಮಾತ್ರ ಅವರದೇ? ಆ ಪದ್ಧತಿ ಈಗ ಏಕೆ ಉಳಿದಿಲ್ಲ?

ಉತ್ತರ: ಆಟಗಾರರೇ ಹಾಡಿದ್ದಾರೆ. ತಂಡದವರು ಸ್ಟುಡಿಯೊಗೆ ಹೋಗಿ, ಮೈಕಿನ ಮುಂದೆ ಗುಂಪಾಗಿ ನಿಂತು ಹಾಡುತ್ತಿದ್ದರು. ದನಿ ತೆಳುವೆನಿಸಿದ ಕಡೆ ಅದೇ ಸಾಲನ್ನು ಮತ್ತೊಮ್ಮೆ ಹಾಡಿಸಿ ಮೊದಲಿನದರ ಮೇಲೆ ಕೂರಿಸುವುದು, ಬೇಕೆನಿಸಿದರೆ ವೃತ್ತಿಪರ ಗಾಯಕರ ದನಿಯನ್ನು ಹಿನ್ನೆಲೆಗೆ ಸೇರಿಸುವುದು ಆ ಹೊತ್ತಿಗಾಗಲೇ ಧ್ವನಿಮುದ್ರಣದಲ್ಲಿ ರೂಢಿಯಾಗಿದ್ದ ಕ್ರಮ. ಹೆಸರಾಂತ ಗಾಯಕರ ಹಾಡುಗಳಲ್ಲೂ ಅದು ಇದ್ದೇ ಇದೆ. ಈ ಪ್ರಶ್ನೆ ಕೇಳುವವರ ಮನಸ್ಸಿನಲ್ಲಿರುವ ನಿಜವಾದ ಅನುಮಾನ ಬೇರೆ: ಹಾಡಲು ಕಲಿತಿರದವರು ಹಾಡಿದ್ದನ್ನು ಲಕ್ಷಾಂತರ ಜನ ಕೊಂಡು ಕೇಳಿದ್ದು ಹೇಗೆ? ಅದರ ಉತ್ತರ ಹಾಡು ಕಟ್ಟಿದವರ ಕಸುಬಿನಲ್ಲಿದೆ.

1970ರ ವಿಶ್ವಕಪ್‌ಗೆ ಮೆಕ್ಸಿಕೊಗೆ ಹೊರಟಿದ್ದ ಇಂಗ್ಲೆಂಡ್ ತಂಡದ ‘ಬ್ಯಾಕ್ ಹೋಮ್’ ಇದಕ್ಕೆ ಮೊದಲ ದೊಡ್ಡ ಉದಾಹರಣೆ. ಆ ವರ್ಷದ ಮೇ ತಿಂಗಳಲ್ಲಿ ಅದು ಬ್ರಿಟನ್ನಿನ ರೆಕಾರ್ಡ್ ಮಾರಾಟದ ಪಟ್ಟಿಯಲ್ಲಿ ಮೂರು ವಾರ ಮೊದಲನೆಯ ಸ್ಥಾನದಲ್ಲಿತ್ತು. ಬರೆದವರು ಬಿಲ್ ಮಾರ್ಟಿನ್ ಮತ್ತು ಫಿಲ್ ಕೌಲ್ಟರ್, ಒಬ್ಬರು ಸ್ಕಾಟ್ಲೆಂಡಿನವರು, ಇನ್ನೊಬ್ಬರು ಉತ್ತರ ಐರ್ಲೆಂಡಿನವರು. 1967ರಲ್ಲಿ ಯೂರೋವಿಷನ್ ಸ್ಪರ್ಧೆ ಗೆದ್ದ ಹಾಡನ್ನು ಬರೆದಿದ್ದ ಜೋಡಿ. ಇಡೀ ತಂಡ ಒಟ್ಟಿಗೆ ಹಾಡಬೇಕಾದ ಹಾಡಿಗೆ ಏನು ಬೇಕೆಂಬುದು ಇಂಥವರಿಗೆ ಚೆನ್ನಾಗಿ ತಿಳಿದಿತ್ತು: ಮೆರವಣಿಗೆಯ ನಡೆಯ ಲಯ, ಏರಿಳಿತ ಕಡಿಮೆಯಿರುವ ಧಾಟಿ, ಉಸಿರು ಕಟ್ಟುವ ಮೊದಲೇ ಮುಗಿಯುವ ಸಾಲುಗಳು. ನಮ್ಮ ಭಜನೆಗಳಲ್ಲಿ ಹತ್ತು ದನಿ ಸೇರಿದಾಗ ಒಬ್ಬರ ಅಪಶ್ರುತಿ ಇನ್ನೊಬ್ಬರ ದನಿಯಲ್ಲಿ ಮುಚ್ಚಿಹೋಗುವಂತೆ ಇಲ್ಲಿಯೂ ಆಗುತ್ತದೆ. ಯಾರೊಬ್ಬರೂ ಗಾಯಕರಲ್ಲ, ಆದರೆ ಒಟ್ಟು ದನಿಗೆ ಒಂದು ತೂಕವಿದೆ, ಕೇಳಿದವರಿಗೆ ತಾವೂ ಸೇರಿ ಹಾಡಬಹುದು ಎನಿಸುತ್ತದೆ.

1972ರಲ್ಲಿ ಈ ಬಗೆ ತನ್ನ ಉತ್ತಮ ರೂಪವನ್ನು ಮುಟ್ಟಿತು ಎಂಬುದು ನನ್ನ ಅಭಿಪ್ರಾಯ. ಆ ವರ್ಷದ ಲೀಗ್ ಕಪ್ ಫೈನಲ್‌ಗೆ ಬಂದ ಎರಡೂ ತಂಡಗಳು ಹಾಡು ಹೊರತಂದವು. ಚೆಲ್ಸಿಯ ‘ಬ್ಲೂ ಈಸ್ ದ ಕಲರ್’ ಐದನೆಯ ಸ್ಥಾನಕ್ಕೇರಿತು. ಸ್ಟೋಕ್ ಸಿಟಿಯ ‘ವೀ ವಿಲ್ ಬಿ ವಿತ್ ಯು’ ಅಷ್ಟು ಮೇಲಕ್ಕೆ ಹೋಗಲಿಲ್ಲವಾದರೂ ಮೈದಾನದಲ್ಲಿ ಗೆದ್ದದ್ದು ಸ್ಟೋಕ್, 2-1ರಿಂದ. ಸೋತ ತಂಡದ ಹಾಡು ಸಾಮಾನ್ಯವಾಗಿ ಮರುದಿನವೇ ಮರೆತುಹೋಗುತ್ತದೆ, ಆದರೆ ಚೆಲ್ಸಿಯ ಹಾಡು ಇಂದಿಗೂ ಅದರ ತವರು ಮೈದಾನ ಸ್ಟ್ಯಾಂಫರ್ಡ್ ಬ್ರಿಜ್‌ನಲ್ಲಿ ಮೊಳಗುತ್ತದೆ. ಕೆನಡಾದ ವ್ಯಾಂಕೂವರ್ ವೈಟ್‌ಕ್ಯಾಪ್ಸ್ ತಂಡದ ಪಾಲಿಗೆ ಅದೇ ಧಾಟಿ, ನೀಲಿಯ ಬದಲು ಬಿಳಿ ಬಣ್ಣವನ್ನು ಹೊಗಳುವ ಹಾಡಾಯಿತು.

ಅದೇ ವರ್ಷ ಎಫ್‌ಎ ಕಪ್ ಫೈನಲ್ ತಲುಪಿದ ಲೀಡ್ಸ್ ಯುನೈಟೆಡ್‌ಗೆ ಲೆಸ್ ರೀಡ್ ಮತ್ತು ಬ್ಯಾರಿ ಮೇಸನ್ ಹಾಡು ಕಟ್ಟಿಕೊಟ್ಟರು. ರೆಕಾರ್ಡಿನ ಮುಖ್ಯ ಬದಿಯಲ್ಲಿದ್ದದ್ದು ತಂಡದ ಹೆಸರನ್ನೇ ಹೊತ್ತ ಹಾಡು, ಅದು ಹತ್ತನೆಯ ಸ್ಥಾನಕ್ಕೆ ಬಂತು. ಹಿಂಬದಿಗೆ ಹಾಕಿದ ‘ಲೀಡ್ಸ್, ಲೀಡ್ಸ್, ಲೀಡ್ಸ್’ ಮಾತ್ರ ಜನರ ಬಾಯಿಗೆ ಬಿತ್ತು. ‘ಮಾರ್ಚಿಂಗ್ ಆನ್ ಟುಗೆದರ್’ ಎಂಬ ಹೆಸರಿನಲ್ಲಿ ಲೀಡ್ಸ್‌ನ ತವರು ಮೈದಾನ ಎಲ್ಲಂಡ್ ರೋಡ್‌ನಲ್ಲಿ ಅಭಿಮಾನಿಗಳು ಈಗಲೂ ಎದ್ದು ನಿಂತು ಅದನ್ನು ಹಾಡುತ್ತಾರೆ. ಇಂಗ್ಲಿಷ್ ಕ್ರೀಡಾಂಗಣಗಳ ಹಲವು ಹಾಡುಗಳು ಬೇರೆ ಯಾವುದೋ ಹಾಡಿನ ಧಾಟಿಯನ್ನು ಎರವಲು ಪಡೆದವು. ಇದು ಹಾಗಲ್ಲ, ಆ ತಂಡಕ್ಕೆಂದೇ ಹುಟ್ಟಿದ ಸ್ವಂತ ರಚನೆ. ಟಾಮ್ ಜೋನ್ಸ್ ಹಾಡಿ ಪ್ರಸಿದ್ಧಗೊಳಿಸಿದ ‘ಡಿಲೈಲಾ’ ಕೂಡ ಇದೇ ಇಬ್ಬರು ಬರೆದದ್ದು, ಮುಂದೆ ಅದನ್ನು ತಮ್ಮದಾಗಿಸಿಕೊಂಡವರು ಸ್ಟೋಕ್ ಅಭಿಮಾನಿಗಳು.

ಆಟಗಾರರು ಇದಕ್ಕೆ ಒಪ್ಪುತ್ತಿದ್ದುದರ ಹಿಂದೆ ಹಣದ ಕಾರಣವೂ ಇತ್ತು. 1961ರವರೆಗೆ ಇಂಗ್ಲೆಂಡಿನಲ್ಲಿ ಯಾವ ಆಟಗಾರನಿಗೂ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಆ ಮಿತಿ ಹೋದ ಮೇಲೂ ಬಹಳ ಕಾಲ ಹೆಚ್ಚಿನವರ ಸಂಪಾದನೆ ಸಾಧಾರಣವಾಗಿಯೇ ಇತ್ತು. ಕಪ್ ಫೈನಲ್ ತಲುಪಿದ ತಂಡದವರು ‘ಪ್ಲೇಯರ್ಸ್ ಪೂಲ್’ ಎಂಬ ಒಟ್ಟು ನಿಧಿಯೊಂದನ್ನು ಮಾಡಿಕೊಂಡು, ಜಾಹೀರಾತು, ಪತ್ರಿಕಾ ಸಂದರ್ಶನ, ರೆಕಾರ್ಡ್ ಮುಂತಾದವುಗಳಿಂದ ಆ ಕೆಲವು ವಾರಗಳಲ್ಲಿ ಬಂದ ಹಣವನ್ನು ಹಂಚಿಕೊಳ್ಳುತ್ತಿದ್ದರು.

ಗುಂಪಿನ ಆಸರೆ ಬಿಟ್ಟು ಒಬ್ಬಿಬ್ಬರೇ ಹಾಡಿದಾಗ ಏನಾಗುತ್ತದೆ ಎಂಬುದನ್ನೂ ನೋಡಬೇಕು. ಇಂಗ್ಲೆಂಡ್ ಆಟಗಾರ ಕೆವಿನ್ ಕೀಗನ್ 1979ರಲ್ಲಿ ‘ಹೆಡ್ ಓವರ್ ಹೀಲ್ಸ್ ಇನ್ ಲವ್’ ಹಾಡಿದಾಗ ಬ್ರಿಟನ್ನಿನಲ್ಲಿ ಅದು 31ನೆಯ ಸ್ಥಾನದಲ್ಲಿ ನಿಂತಿತು. ಜರ್ಮನಿಯಲ್ಲಿ ಮಾತ್ರ ಮೊದಲ ಹತ್ತರೊಳಗೆ ಬಂತು, ಏಕೆಂದರೆ ಆಗ ಅವರು ಹ್ಯಾಂಬರ್ಗ್ ತಂಡದ ಕಣ್ಮಣಿಯಾಗಿದ್ದರು. 1987ರಲ್ಲಿ ಲಂಡನ್ನಿನ ಟಾಟನಮ್ ಕ್ಲಬ್ಬಿನ ಗ್ಲೆನ್ ಹಾಡಲ್ ಮತ್ತು ಕ್ರಿಸ್ ವಾಡಲ್ ‘ಡೈಮಂಡ್ ಲೈಟ್ಸ್’ ಹಾಡಿ 12ನೆಯ ಸ್ಥಾನಕ್ಕೇರಿದರು. ‘ಟಾಪ್ ಆಫ್ ದ ಪಾಪ್ಸ್’ ಎಂಬ ಟೆಲಿವಿಷನ್ ಸಂಗೀತ ಕಾರ್ಯಕ್ರಮದಲ್ಲಿ ಅವರನ್ನು ನೋಡಿದರೆ, ಮೈದಾನದಲ್ಲಿ ಎದುರಾಳಿಗಳನ್ನು ಲೀಲಾಜಾಲವಾಗಿ ದಾಟಿಹೋಗುತ್ತಿದ್ದ ವಾಡಲ್ ವೇದಿಕೆಯ ಮೇಲೆ ಸೆಟೆದುಕೊಂಡು ನಿಂತಿರುವುದು ಕಾಣುತ್ತದೆ. ದೋಷ ಅವರದ್ದಲ್ಲ; ಆ ಹಾಡು ಬೇಡುವುದು ಪಳಗಿದ ಗಾಯಕನ ದನಿಯನ್ನು, ಮರೆಮಾಡಲು ಪಕ್ಕದಲ್ಲಿ ಇಪ್ಪತ್ತು ಜನರಿಲ್ಲ.

ಈ ತೊಡಕನ್ನು ಬಿಡಿಸಲು ಜಾಣ ದಾರಿಗಳೂ ಇದ್ದವು. ಟಾಟನಮ್ ತಂಡ 1981ರಲ್ಲಿ ಚಾಸ್ ಅಂಡ್ ಡೇವ್ ಎಂಬ ಗಾಯಕ ಜೋಡಿಯೊಂದಿಗೆ ಹಾಡಿದ ‘ಆಸೀಸ್ ಡ್ರೀಮ್’ನಲ್ಲಿ ಅರ್ಜೆಂಟೀನಾದ ಆಸಿ ಆರ್ಡಿಲೆಸ್‌ಗೆ ಕೊಟ್ಟದ್ದು ಒಂದೇ ಒಂದು ಚಿಕ್ಕ ಸಾಲು. ಅವರ ದನಿಯಲ್ಲಿ ಕ್ಲಬ್ಬಿನ ಹೆಸರು ‘ಟಾಟಿಂಗಮ್’ ಆಗಿ ಕೇಳಿಸುತ್ತದೆ. ಆಟಗಾರರೇ ಹಾಡಿದ್ದಾರೆಯೇ ಎಂದು ಅನುಮಾನಿಸುವವರಿಗೆ ಆ ಒಂದು ಸಾಲು ಸಾಕು. ಅದನ್ನು ಬೇರೆ ಯಾರೂ ಹಾಡಿರಲು ಸಾಧ್ಯವಿಲ್ಲ.

ಇನ್ನೊಂದು ದಾರಿ, ಹಾಡಿಸುವ ಬದಲು ಮಾತನಾಡಿಸುವುದು. 1988ರಲ್ಲಿ ಲಿವರ್‌ಪೂಲ್ ‘ಆನ್‌ಫೀಲ್ಡ್ ರ‍್ಯಾಪ್’ ಹೊರತಂದು ಮೂರನೆಯ ಸ್ಥಾನ ಪಡೆಯಿತು. ಎರಡು ವರ್ಷಗಳ ನಂತರ, ಇಟಲಿಯ ವಿಶ್ವಕಪ್‌ಗಾಗಿ ಮ್ಯಾಂಚೆಸ್ಟರಿನ ನ್ಯೂ ಆರ್ಡರ್ ಎಂಬ ವಾದ್ಯತಂಡ ಇಂಗ್ಲೆಂಡ್ ಆಟಗಾರರೊಂದಿಗೆ ‘ವರ್ಲ್ಡ್ ಇನ್ ಮೋಷನ್’ ಮಾಡಿದಾಗ, ರ‍್ಯಾಪ್ ಭಾಗವನ್ನು ಹೇಳಿದವರು ಲಿವರ್‌ಪೂಲಿನ ಜಾನ್ ಬಾರ್ನ್ಸ್. ಗಾಯನದ ಹೊರೆಯನ್ನು ವಾದ್ಯತಂಡ ಹೊತ್ತಿತು, ಗುಂಪಿನ ಪಲ್ಲವಿ ಆಟಗಾರರ ಪಾಲಾಯಿತು, ಬಾರ್ನ್ಸ್‌ಗೆ ಸ್ವರದ ಗೊಡವೆಯಿಲ್ಲದೆ ಲಯ ಮಾತ್ರ ಹಿಡಿಯುವ ಕೆಲಸ ಬಂತು. ಆ ಭಾಗದ ಮಾತುಗಳೂ ಚೆಂಡನ್ನು ಯಾವಾಗ ಹಿಡಿದಿಟ್ಟುಕೊಳ್ಳಬೇಕು, ಯಾವಾಗ ಬಿಟ್ಟುಕೊಡಬೇಕು ಎಂಬ ಆಟದ ಸೂಚನೆಗಳೇ. ತನಗೆ ಗೊತ್ತಿರುವ ವಿಷಯವನ್ನು ತನ್ನದೇ ದನಿಯಲ್ಲಿ ಹೇಳುವ ಆಟಗಾರನ ಸಲೀಸು ಅಲ್ಲಿದೆ. ನ್ಯೂ ಆರ್ಡರ್‌ಗೆ ಬ್ರಿಟನ್ನಿನಲ್ಲಿ ಮೊದಲನೆಯ ಸ್ಥಾನ ತಂದುಕೊಟ್ಟ ಏಕೈಕ ಹಾಡು ಇದು, ಇಡೀ ಬಗೆಯಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ಪದ್ಧತಿ ನಿಂತದ್ದು ಒಂದೇ ದಿನದಲ್ಲಲ್ಲ. 1992ರಲ್ಲಿ ಪ್ರೀಮಿಯರ್ ಲೀಗ್ ಆರಂಭವಾಗಿ ಟೆಲಿವಿಷನ್ ಹಣ ಹರಿದುಬಂದಂತೆ ಆಟಗಾರರ ಸಂಬಳ ಏರಿತು, ರೆಕಾರ್ಡಿನಿಂದ ಬರುವ ಪಾಲು ಲೆಕ್ಕಕ್ಕೆ ಬಾರದಂತಾಯಿತು. 1994ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್, ಸ್ಟೇಟಸ್ ಕ್ವೋ ಎಂಬ ವಾದ್ಯತಂಡದೊಂದಿಗೆ ಹಾಡಿದ ‘ಕಮ್ ಆನ್ ಯು ರೆಡ್ಸ್’ ಮೊದಲನೆಯ ಸ್ಥಾನಕ್ಕೇರಿತಾದರೂ ಗಾಳಿ ಬೇರೆಡೆಗೆ ತಿರುಗಿತ್ತು. 1996ರ ಯೂರೋ ಕಪ್‌ನ ‘ಥ್ರೀ ಲಯನ್ಸ್’ ಹಾಡನ್ನು ಹಾಡಿದವರು ಇಬ್ಬರು ಹಾಸ್ಯ ಕಲಾವಿದರು ಮತ್ತು ಒಂದು ವಾದ್ಯತಂಡ. ಆಟಗಾರರ ದನಿ ಅದರಲ್ಲಿಲ್ಲ. ಅಭಿಮಾನಿಯ ನೋವನ್ನು ಅಭಿಮಾನಿಯೇ ಹಾಡಿದ ಆ ಹಾಡು 2018ರಲ್ಲಿ ಕೂಡ ಮತ್ತೆ ಮೊದಲನೆಯ ಸ್ಥಾನಕ್ಕೆ ಬಂತು. 2006ರ ವಿಶ್ವಕಪ್‌ಗೆ ಇಂಗ್ಲೆಂಡಿನ ಅಧಿಕೃತ ಹಾಡನ್ನು ಎಂಬ್ರೇಸ್ ಎಂಬ ವಾದ್ಯತಂಡಕ್ಕೇ ವಹಿಸಲಾಯಿತು.

ಇದು ಇಂಗ್ಲೆಂಡಿಗೆ ಮಾತ್ರ ಸೇರಿದ ಸಂಗತಿಯಲ್ಲ. ಜರ್ಮನಿಯ ಬೆಕನ್‌ಬಾವರ್ 1966ರಲ್ಲೇ ಹಾಡು ರೆಕಾರ್ಡ್ ಮಾಡಿದ್ದರು, ಪೆಲೆ 1969ರಲ್ಲಿ ಬ್ರೆಜಿಲ್‌ನ ಮಹಾನ್ ಗಾಯಕಿ ಎಲಿಸ್ ರೆಜೀನಾ ಜೊತೆ ಹಾಡಿದರು. ಇಂದು ಹಾಡುವ ಆಟಗಾರರು ತಂಡಕ್ಕಾಗಿ ಹಾಡುವುದು ಅಪರೂಪ. ನೆದರ್‌ಲೆಂಡ್ಸ್‌ನ ಮೆಂಫಿಸ್ ಡಿಪೇ 2020ರಲ್ಲಿ ‘ಹೆವಿ ಸ್ಟೆಪ್ಪರ್’ ಎಂಬ ರ‍್ಯಾಪ್ ಆಲ್ಬಂ ಹೊರತಂದರು. ಪೋರ್ಚುಗಲ್‌ನ ರಫಾಯೆಲ್ ಲೆಯಾವ್ ‘ವೇ 45’ ಎಂಬ ಹೆಸರಿನಲ್ಲಿ ರ‍್ಯಾಪ್ ಮಾಡುತ್ತಾರೆ. ಇಬ್ಬರ ಹಾಡುಗಳಲ್ಲೂ ಜೊತೆ ಆಟಗಾರರ ವೃಂದವಿಲ್ಲ, ಕಪ್ ಫೈನಲ್‌ನ ಸಂದರ್ಭವೂ ಬೇಕಾಗಿಲ್ಲ.