ರಿಬ್ಬನ್ ಮೀನಿಗೆ ಯಾರೂ ಪೇಂಟ್ ಹೊಡೆದಿಲ್ಲ

ಕೋಲಾರ, ಕೆಜಿಎಫ್ ಕಡೆಯ ವ್ಯಾಪಾರಿಗಳಿಗೆ ಮೀನು ಕೆಡದಂತೆ ಇಡುವುದು ಹೇಗೆ ಅಂತ ಹೇಳಿಕೊಡುವುದು ನನ್ನ ಕೆಲಸ. ಆದರೆ ಪ್ರಶ್ನೆ ಜಾಸ್ತಿ ಬರುವುದು ಕೊಳ್ಳುವವರಿಂದ. ಅದರಲ್ಲಿ ಒಂದನ್ನು ಕೇಳಿ ಕೇಳಿ ಸಾಕಾಗಿದೆ. "ಸಾರ್, ಈ ರಿಬ್ಬನ್ ಮೀನಿಗೆ ಪೇಂಟ್ ಹೊಡೆದಿದಾರೆ, ಕೈಗೆಲ್ಲಾ ಬೆಳ್ಳಿ ಅಂಟ್ತಿದೆ ನೋಡಿ!" ಹೀಗೆ ನಂಬಿ ಒಳ್ಳೆಯ ಮೀನನ್ನು ತಿಪ್ಪೆಗೆ ಎಸೆದವರಿದ್ದಾರೆ. ಬೆಳಗಿನ ಜಾವವೇ ಎದ್ದು ಬಂದು ಕೂತ ಮೀನಿನ ಅಕ್ಕನ ಜೊತೆ ಜಗಳಕ್ಕೆ ನಿಂತವರೂ ಇದ್ದಾರೆ.

ಅದು ಪೇಂಟ್ ಅಲ್ಲ, ಔಷಧಿಯೂ ಅಲ್ಲ. ಮೀನಿನ ಚರ್ಮವೇ ಹಾಗಿದೆ.

ನಮ್ಮ ಕೆರೆಗಳ ರೋಹು, ಕಾಟ್ಲಾಗಳಿಗೆ ಮೈತುಂಬಾ ಹುರುಪೆ ಇರುತ್ತದೆ. ರಿಬ್ಬನ್ ಮೀನಿಗೆ ಹುರುಪೆಯೇ ಇಲ್ಲ. ಅದರ ಚರ್ಮದಲ್ಲಿ ಗ್ವಾನಿನ್ ಎಂಬ ವಸ್ತುವಿನ ತೀರಾ ಸಣ್ಣ ಹರಳುಗಳು ಪದರ ಪದರವಾಗಿ ಕೂತಿರುತ್ತವೆ. ಬೆಳಕು ಅವಕ್ಕೆ ಬಡಿದು ವಾಪಸ್ ಬರುವುದರಿಂದ ಆ ಹೊಳಪು. ಮೇಲೆ ಕಾಪಾಡುವ ಹುರುಪೆ ಇಲ್ಲವಲ್ಲ, ಬೆರಳು ತಾಗಿದರೆ ಸಾಕು, ಬೆಳ್ಳಿ ಎದ್ದು ಬರುತ್ತದೆ. ಬಲೆಗೆ, ಐಸಿಗೆ, ಪಕ್ಕದ ಮೀನಿಗೆ ಉಜ್ಜಿದರೂ ಅಷ್ಟೇ. ಚೆನ್ನೈ ಕಡೆಯಿಂದ 200 ಕಿಲೋಮೀಟರ್‌ಗೂ ಹೆಚ್ಚು ದೂರ ಐಸ್ ಪೆಟ್ಟಿಗೆಯಲ್ಲಿ ಕುಲುಕಾಡಿ ಬಂದ ಮೀನಿನ ಮೈ ಅಲ್ಲಲ್ಲಿ ಬೂದು ಬಣ್ಣಕ್ಕೆ ತಿರುಗಿರುವುದು ಸಹಜ. ಅಂದರೆ ಬೆಳ್ಳಿ ಕೈಗೆ ಅಂಟಿದರೆ ಮೋಸ ಅಲ್ಲ, ಅಲ್ಲಲ್ಲಿ ಹೋಗಿದ್ದರೂ ಅಷ್ಟಕ್ಕೇ ಮೀನು ಕೆಟ್ಟಿದೆ ಅಂತಲ್ಲ.

ಸಮುದ್ರದಲ್ಲಿ ಈ ಹೊಳಪಿಗೆ ಕೆಲಸವಿದೆ. ಬಟಾಬಯಲಿನಂಥ ನೀರಿನಲ್ಲಿ ಬಚ್ಚಿಟ್ಟುಕೊಳ್ಳಲು ಕಲ್ಲಿಲ್ಲ, ಪಾಚಿಯಿಲ್ಲ. ಸುತ್ತಲಿನ ನೀರಿನ ಬೆಳಕನ್ನೇ ಮೈ ವಾಪಸ್ ಕಳಿಸುವುದರಿಂದ ಮೀನು ಕಣ್ಣಿಗೆ ಬೀಳುವುದು ಕಷ್ಟ. ಅದು ಎಷ್ಟೋ ಸಲ ತಲೆ ಮೇಲೆ, ಬಾಲ ಕೆಳಗೆ ಮಾಡಿ ನೆಟ್ಟಗೆ ನಿಂತಿರುತ್ತದೆ. ಬೆನ್ನುದ್ದಕ್ಕೂ ಇರುವ ಒಂದೇ ರೆಕ್ಕೆಯನ್ನು ಅಲೆಯಂತೆ ಆಡಿಸುತ್ತಾ ನಿಂತಲ್ಲೇ ಕಾಯುತ್ತದೆ. ಮೇಲೆ ಬೆಳಕಿಗೆ ಅಡ್ಡ ಬಂದ ಸಣ್ಣ ಮೀನನ್ನು ಥಟ್ಟನೆ ಹಿಡಿಯುತ್ತದೆ. ಬಾಲಕ್ಕೆ ರೆಕ್ಕೆಯೇ ಇಲ್ಲ, ದಾರದಂತೆ ಸಣ್ಣಗಾಗಿ ಮುಗಿಯುತ್ತದೆ. ಇದನ್ನು ನೋಡಿ ಹಾವು ಅನ್ನುವವರಿದ್ದಾರೆ. ಹಾವೂ ಅಲ್ಲ, ಹಾವುಮೀನೂ ಅಲ್ಲ. ದಾಖಲಾದ ಗರಿಷ್ಠ ಉದ್ದ 2.34 ಮೀಟರ್. ಮಾರ್ಕೆಟ್‌ಗೆ ಬರುವವು ಸಾಮಾನ್ಯವಾಗಿ ಒಂದು ಮೀಟರ್ ಒಳಗೆ.

ಮರಿಯಾಗಿದ್ದಾಗ ಸಿಗಡಿಯಂಥ ಪುಟ್ಟ ಜೀವಿಗಳು ಇದರ ಊಟ. ದೊಡ್ಡದಾದರೆ ಮೀನು, ಕೆಲವೊಮ್ಮೆ ಸ್ಕ್ವಿಡ್. ತನ್ನ ಜಾತಿಯನ್ನೂ ಬಿಡುವುದಿಲ್ಲ. ಒಮ್ಮೆ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಮೀನಿನ ಹೊಟ್ಟೆ ಸೀಳಿದಾಗ ಒಳಗೆ ಗೇಣುದ್ದದ ಇನ್ನೊಂದು ರಿಬ್ಬನ್ ಮೀನು ಎರಡಾಗಿ ಮಡಚಿಕೊಂಡಿತ್ತು. ತಲೆ ಅರ್ಧ ಕರಗಿತ್ತು, ಬಾಲ ಇನ್ನೂ ಹೊಳೆಯುತ್ತಿತ್ತು. ಕೊಳ್ಳಲು ಬಂದ ಅಜ್ಜಿ "ಬಸುರಿ ಮೀನು ಕಣಪ್ಪಾ, ಪಾಪ ಬರುತ್ತೆ, ನಂಗ್ ಬೇಡ" ಅಂದರು. ಅಂಥ ಮನಸ್ಸು ಕಂಡರೆ ನನಗೆ ಬಹಳ ಪ್ರೀತಿ. "ಅಜ್ಜಿ, ಇದು ಮರಿ ಹಾಕಲ್ಲ, ನೀರಿಗೆ ಮೊಟ್ಟೆ ಬಿಡುತ್ತೆ. ಒಳಗಿರೋದು ಅದು ನುಂಗಿದ ಊಟ" ಅಂದೆ. ಸ್ವಲ್ಪ ಹೊತ್ತು ನೋಡಿ, ಅರ್ಧ ಕೆಜಿ ತಗೊಂಡರು.

ಹಾಗಾದರೆ ಏನು ನೋಡಬೇಕು? ಕಿವಿರು ಕೆಂಪಗಿರಲಿ. ಕಣ್ಣು ಒಳಗೆ ಗುಳಿ ಬಿದ್ದಿರಬಾರದು. ಬೆರಳಲ್ಲಿ ಒತ್ತಿದರೆ ಮಾಂಸ ಮತ್ತೆ ಮೇಲೇಳಬೇಕು. ಹೊಟ್ಟೆಯನ್ನಂತೂ ಖಂಡಿತ ನೋಡಿ, ಅಲ್ಲಿ ಚರ್ಮ ತೆಳು, ಬೇಗ ಒಡೆಯುತ್ತದೆ. ಹುಳಿ ವಾಸನೆ ಬಂದರೆ ಬಿಟ್ಟುಬಿಡಿ.

ಮೀನು ಕೆಡದಂತೆ ಕೆಲವರು ಕದ್ದು ಹಾಕುವ ಫಾರ್ಮಾಲಿನ್ ಎಂಬ ರಾಸಾಯನಿಕದ ಭಯ ಬೇರೆಯದೇ ವಿಷಯ, ಆ ಭಯ ತಪ್ಪೂ ಅಲ್ಲ. ಆದರೆ ಬೆಳ್ಳಿ ಬಿಡುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಕಣ್ಣಿನಲ್ಲಿ ನೋಡಿ ಫಾರ್ಮಾಲಿನ್ ಇದೆ, ಇಲ್ಲ ಅಂತ ನಾನೂ ಹೇಳಲಾರೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಇದಕ್ಕೆಂದೇ ಕಾಗದದ ಪಟ್ಟಿಯ ಕಿಟ್ ರೂಪಿಸಿದೆ. ಅನುಮಾನ ಇದ್ದರೆ ಪರೀಕ್ಷೆ ಮಾಡಿಸಿ, ಸುಮ್ನೆ ವ್ಯಾಪಾರಿಯ ಹೆಸರು ಕೆಡಿಸಬೇಡಿ.

ಇನ್ನೊಂದು ಮಾತು. ಬೆಳ್ಳಿ ಹೋಗಲಿ ಅಂತ ಬೂದಿ, ಕಲ್ಲುಪ್ಪು ಹಾಕಿ ಗಸಗಸ ಉಜ್ಜಬೇಡಿ, ಮೆತ್ತಗಿನ ಮಾಂಸ ಹರಿದುಹೋಗುತ್ತದೆ. ಬೆಳ್ಳಿ ಬೇಡವೆನಿಸಿದರೆ ಚಾಕುವಿನ ಬೆನ್ನಿನಿಂದ ಮೆಲ್ಲಗೆ ಎಳೆಯಿರಿ. ಇದ್ದರೂ ತಿನ್ನಬಹುದು. ಗೌಟ್ (ಕೀಲು ಊದಿ ನೋಯುವ ಕಾಯಿಲೆ) ಇರುವವರು ಮಾತ್ರ ಈ ಮೀನು ಎಷ್ಟು ತಿನ್ನಬಹುದೆಂದು ತಮ್ಮ ವೈದ್ಯರನ್ನು ಕೇಳಿಕೊಳ್ಳಲಿ. ತಲೆ ಕತ್ತರಿಸುವಾಗ ಬೆರಳು ಬಾಯಿಯ ಹತ್ತಿರ ಒಯ್ಯಬೇಡಿ. ಮುಂದಿನ ಕೋರೆಹಲ್ಲುಗಳ ತುದಿಯಲ್ಲಿ ಗಾಳದ ಹಾಗೆ ಕೊಕ್ಕೆ ಇರುತ್ತದೆ.