ಮೇಲ್ ಫೋನಿನಲ್ಲಿಲ್ಲ, ತಾರೀಖು ಫೋನಿನಲ್ಲೇ ಉಳಿದಿದೆ

"ಫೋನ್ ಹೋಯ್ತು, ಅದರ ಜೊತೆ ಮೇಲೂ ಹೋಯ್ತು." ಚಿಕ್ಕಮಗಳೂರು, ಮೂಡಿಗೆರೆ ಕಡೆ ಮೊಬೈಲ್, ಕಂಪ್ಯೂಟರ್ ಹೇಳಿಕೊಡುವವರಿಗೆ ಮಳೆಗಾಲದಲ್ಲಿ ಹೆಚ್ಚು ಕೇಳಿಬರುವ ಮಾತು ಇದು. ಫೋನ್ ತೋಟದ ಕೆರೆಗೆ ಬಿದ್ದಿರುತ್ತದೆ, ಇಲ್ಲವೇ ಜೀಪಿನ ಚಕ್ರಕ್ಕೆ ಸಿಕ್ಕಿರುತ್ತದೆ. ಹೊಸ ಫೋನ್ ತಗೊಂಡಾಗ ಅಂಗಡಿಯ ಹುಡುಗ ಹಳೇ ಪಾಸ್‌ವರ್ಡ್ ಕೇಳುತ್ತಾನೆ. "ಅದೆಲ್ಲ ನೆನಪಿಲ್ಲಪ್ಪ, ಹೊಸದು ಮಾಡ್ಕೊಡು" ಅನ್ನುತ್ತಾರೆ. ಎರಡು ನಿಮಿಷದಲ್ಲಿ ಹೊಸ ಜಿಮೇಲ್ ಐಡಿ ರೆಡಿ. ಅವತ್ತಿನಿಂದ ಬ್ಯಾಂಕಿನ ಪತ್ರ ಹಳೇ ಐಡಿಗೆ ಹೋಗುತ್ತದೆ, ಆಡಿಟರ್ ಕಳಿಸುವ ಲೆಕ್ಕ ಹಳೇ ಐಡಿಗೆ ಹೋಗುತ್ತದೆ, ಮಾಲೀಕರು ಹೊಸ ಐಡಿ ತೆರೆದು ನೋಡಿ ಯಾರೂ ಏನೂ ಕಳಿಸಿಲ್ಲ ಅಂದುಕೊಂಡಿರುತ್ತಾರೆ. ಒಬ್ಬರ ಹೆಸರಲ್ಲೇ ಮೂರು ನಾಲ್ಕು ಐಡಿ ಇದ್ದು, ಒಂದರ ಬಾಗಿಲೂ ತೆಗೆಯಲು ಬಾರದ ಮನೆಗಳು ಬೇಕಾದಷ್ಟಿವೆ.

ಮೇಲ್ ಓದುವುದು, ಉತ್ತರ ಬರೆಯುವುದು, ಫೋಟೋ ಸೇರಿಸುವುದು ಎಲ್ಲರಿಗೂ ಬಂದೇ ಬರುತ್ತದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಎಷ್ಟು ಸಲ ಹೇಳಿದರೂ ತಲೆಯಲ್ಲಿ ನಿಲ್ಲದ ಒಂದು ಸಂಗತಿ ಮಾತ್ರ ಇದೆ: ಯಾವುದು ಎಲ್ಲಿ ಉಳಿದಿದೆ ಅನ್ನುವುದು.

ನಿಮ್ಮ ಮೇಲ್ ಫೋನಿನಲ್ಲಿಲ್ಲ. ಅದು ಗೂಗಲ್‌ನ ಸರ್ವರ್‌ನಲ್ಲಿ, ನಿಮ್ಮ ಅಕೌಂಟಿನಲ್ಲಿದೆ. ಫೋನು ಅದನ್ನು ನೋಡುವ ಕಿಟಕಿ. ಕಿಟಕಿ ಒಡೆದರೂ ಮನೆಯೊಳಗಿನ ಸಾಮಾನು ಹಾಗೇ ಇರುತ್ತದೆ. ಬೇರೆ ಯಾವ ಫೋನಿನಲ್ಲಾದರೂ ಅದೇ ಐಡಿ, ಅದೇ ಪಾಸ್‌ವರ್ಡ್ ಹಾಕಿದರೆ ಹತ್ತು ವರ್ಷದ ಹಿಂದಿನ ಮೇಲೂ ಬರುತ್ತದೆ. ಇದೇ ಕಾರಣಕ್ಕೆ "ಫೋನಿನ ಮೆಮೊರಿ ತುಂಬಿದೆ" ಎಂದು ಮೇಲ್ ಅಳಿಸುವುದು ಸರಿಯಲ್ಲ. ಫೋನಿನಲ್ಲಿ ಅಳಿಸಿದ್ದು ಅಕೌಂಟಿನಿಂದಲೇ ಹೋಗುತ್ತದೆ, ಕಸದ ಬುಟ್ಟಿಯಲ್ಲಿ 30 ದಿನ ಇದ್ದು ಆಮೇಲೆ ಶಾಶ್ವತವಾಗಿ ಹೋಗುತ್ತದೆ. ಕಣ್ಣೆದುರಿನಿಂದ ಸರಿದರೆ ಸಾಕು ಅನ್ನುವವರು ಆರ್ಕೈವ್ ಮಾಡಲಿ. ಆರ್ಕೈವ್ ಮಾಡಿದ ಮೇಲ್ 'ಆಲ್ ಮೇಲ್' ಅನ್ನುವಲ್ಲಿ ಭದ್ರವಾಗಿರುತ್ತದೆ, ಹುಡುಕಿದರೆ ಸಿಗುತ್ತದೆ.

ಫೋನ್ ನಂಬರುಗಳದ್ದು, ಕ್ಯಾಲೆಂಡರಿನಲ್ಲಿ ಬರೆದಿಟ್ಟ ತಾರೀಖುಗಳದ್ದು ಇದಕ್ಕೆ ಸರಿಯಾಗಿ ಉಲ್ಟಾ. ಎಲ್ಲರೂ ಎಡವುವುದು ಇಲ್ಲೇ.

ಹೋಂಸ್ಟೇ ನಡೆಸುವವರೊಬ್ಬರು ಬುಕಿಂಗ್ ಬರೆದುಕೊಳ್ಳುವುದನ್ನು ಹತ್ತಿರದಿಂದ ನೋಡಿ. ಫೋನಿನ ಜೊತೆ ಬಂದ ಕ್ಯಾಲೆಂಡರ್ ತೆರೆದರು, ಡಿಸೆಂಬರ್ 24ರ ಮೇಲೆ ಒತ್ತಿದರು, "2 ರೂಮು, 5 ಜನ, ಅಡ್ವಾನ್ಸ್ ಬಂದಿದೆ" ಅಂತ ಬರೆದರು, ಸೇವ್ ಒತ್ತಿದರು. ಸೇವ್ ಒತ್ತುವ ಮೊದಲು ಅದೇ ಪರದೆಯಲ್ಲಿ, ಸಣ್ಣ ಅಕ್ಷರದಲ್ಲಿ, ಬಣ್ಣದ ಚುಕ್ಕೆಯ ಪಕ್ಕ ಒಂದು ಸಾಲು ಇತ್ತು. ಕೆಲವು ಫೋನಿನಲ್ಲಿ ಅಲ್ಲಿ 'ಮೈ ಕ್ಯಾಲೆಂಡರ್' ಎಂದಿರುತ್ತದೆ, ಕೆಲವದರಲ್ಲಿ 'ಫೋನ್', 'ಡಿವೈಸ್' ಅಥವಾ 'ಲೋಕಲ್' ಎಂದಿರುತ್ತದೆ. ಹಾಗಿದ್ದರೆ ಆ ಬುಕಿಂಗ್ ಆ ಒಂದು ಫೋನಿನೊಳಗೆ ಮಾತ್ರ ಇದೆ. ಅದೇ ಸಾಲಿನಲ್ಲಿ ನಿಮ್ಮ ಜಿಮೇಲ್ ವಿಳಾಸ ಕಂಡರೆ ಮಾತ್ರ ಅದು ಅಕೌಂಟಿಗೆ ಹೋಗಿದೆ. ಇಡೀ ವರ್ಷದ ವ್ಯವಹಾರ ಈ ಒಂದು ಸಾಲಿನ ಮೇಲೆ ನಿಂತಿದೆ, ಅದನ್ನು ಓದುವವರು ತೀರಾ ಕಡಿಮೆ. ಅದರ ಮೇಲೆ ಒತ್ತಿದರೆ ಪಟ್ಟಿ ಬರುತ್ತದೆ, ಜಿಮೇಲ್ ವಿಳಾಸ ಆರಿಸಿ, ಆಮೇಲೆ ಸೇವ್ ಮಾಡಿ. ಸಾಮಾನ್ಯವಾಗಿ ಮುಂದಿನ ಸಲಕ್ಕೂ ಅದೇ ಆಯ್ಕೆ ಉಳಿಯುತ್ತದೆ, ಆದರೂ ಒಮ್ಮೆ ಕಣ್ಣಾಡಿಸಿ. ಈ ಗೊಂದಲವೇ ಬೇಡ ಅಂದರೆ ಗೂಗಲ್ ಕ್ಯಾಲೆಂಡರ್ ಆ್ಯಪ್ ಹಾಕಿಕೊಂಡು ಅದರಲ್ಲೇ ಬರೆಯಿರಿ.

ನಂಬರುಗಳದ್ದೂ ಇದೇ ಕಥೆ. ಹೊಸ ನಂಬರ್ ಸೇವ್ ಮಾಡುವಾಗ ಫೋನು "ಎಲ್ಲಿ ಇಡಲಿ" ಅಂತ ಕೇಳುತ್ತದೆ: ಸಿಮ್, ಫೋನ್, ಗೂಗಲ್. ಮೇಸ್ತ್ರಿಯ ನಂಬರ್ ಸಿಮ್‌ನಲ್ಲಿ, ತೋಟದ ಲೆಕ್ಕ ಬರೆಯುವ ರೈಟರ್ ನಂಬರ್ ಫೋನಿನಲ್ಲಿ, ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸಿನವರದ್ದು ಗೂಗಲ್‌ನಲ್ಲಿ ಹೀಗೆ ಮೂರು ಕಡೆ ಚೆಲ್ಲಿರುತ್ತದೆ, ಪರದೆಯ ಮೇಲೆ ಮಾತ್ರ ಎಲ್ಲ ಒಂದೇ ಪಟ್ಟಿಯ ಹಾಗೆ ಕಾಣುತ್ತದೆ. ಗೂಗಲ್‌ನ ಕಾಂಟ್ಯಾಕ್ಟ್ಸ್ ಆ್ಯಪ್‌ನ ಸೆಟ್ಟಿಂಗ್ಸ್‌ಗೆ ಹೋಗಿ 'ಡಿಫಾಲ್ಟ್ ಅಕೌಂಟ್ ಫಾರ್ ನ್ಯೂ ಕಾಂಟ್ಯಾಕ್ಟ್ಸ್' ಅನ್ನುವಲ್ಲಿ ಜಿಮೇಲ್ ವಿಳಾಸ ಇಡಿ. ಅಲ್ಲೇ ಸಿಂಕ್ ಸೆಟ್ಟಿಂಗ್ಸ್ ಒಳಗೆ ಫೋನಿನಲ್ಲಿರುವ ನಂಬರುಗಳನ್ನೂ ಬ್ಯಾಕಪ್ ಮಾಡುವ ಸ್ವಿಚ್ ಇದೆ, ಅದನ್ನು ಆನ್ ಮಾಡಿ. ಸಿಮ್‌ನಲ್ಲಿರುವುದನ್ನು 'ಇಂಪೋರ್ಟ್' ಮಾಡಬೇಕು. ಫೋನಿನ ಕಂಪನಿಗೆ ತಕ್ಕ ಹಾಗೆ ಹೆಸರು, ಜಾಗ ಸ್ವಲ್ಪ ಹಿಂದೆ ಮುಂದೆ ಇರಬಹುದು.

ಎಲ್ಲ ಸರಿಯಾಯಿತೋ ಇಲ್ಲವೋ ಅಂತ ಫೋನಿನಲ್ಲಿ ನೋಡಿದರೆ ತಿಳಿಯುವುದಿಲ್ಲ. ಮನೆಯಲ್ಲಿ ಮಗಳ ಲ್ಯಾಪ್‌ಟಾಪ್ ಇದ್ದರೆ ಬ್ರೌಸರ್‌ನಲ್ಲಿ ಇನ್‌ಕಾಗ್ನಿಟೊ ಕಿಟಕಿ (ಮಗಳ ಲಾಗಿನ್ ಜೊತೆ ಬೆರೆಯದ ಖಾಸಗಿ ಕಿಟಕಿ) ತೆರೆದು, ನಿಮ್ಮ ಐಡಿ ಹಾಕಿ, ಗೂಗಲ್ ಕಾಂಟ್ಯಾಕ್ಟ್ಸ್, ಗೂಗಲ್ ಕ್ಯಾಲೆಂಡರ್ ಎರಡನ್ನೂ ನೋಡಿ. ಅಲ್ಲಿ ಕಂಡದ್ದು ನಿಮ್ಮದು. ಅಲ್ಲಿ ಕಾಣದೆ ಫೋನಿನಲ್ಲಿ ಮಾತ್ರ ಕಾಣುವುದು ಫೋನ್ ಇರುವ ತನಕ. ಕೊಟ್ಟಿಗೆಹಾರ, ಕಳಸದ ಕಡೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಇರದ ದಿನ ಬರೆದದ್ದು ಸಿಗ್ನಲ್ ಬರುವವರೆಗೆ ಫೋನಿನಲ್ಲೇ ಕಾಯುತ್ತಿರುತ್ತದೆ, ಕಳಿಸಿದ ಮೇಲೂ 'ಔಟ್‌ಬಾಕ್ಸ್'ನಲ್ಲಿ ಕೂತಿರುತ್ತದೆ. ಹಾಗಾಗಿ ಪೇಟೆಗೆ ಬಂದಾಗ ಒಮ್ಮೆ ಆ್ಯಪ್ ತೆರೆದು ಬಿಡಿ.

ಕ್ಯಾಲೆಂಡರಿನ ಹಳೇ ಲೋಕಲ್ ನಮೂದುಗಳನ್ನು ಒಟ್ಟಿಗೆ ಸಾಗಿಸುವ ದಾರಿ ಎಲ್ಲ ಫೋನಿನಲ್ಲೂ ಇಲ್ಲ. ಮುಂದೆ ಬರುವ ತಾರೀಖುಗಳನ್ನಷ್ಟೇ ಕೂತು ಹೊಸದಾಗಿ ಬರೆಯಿರಿ. ಬರೆಯುವಾಗ ಮರುಕಳಿಸುವುದಕ್ಕೆ 'ರಿಪೀಟ್' ಹಾಕಿ. ಅರೇಬಿಕಾ ಕಾಫಿ ತೋಟದವರಿಗೆ, ಗಿಡದ ಕಾಂಡ ಕೊರೆಯುವ ಬಿಳಿ ಕಾಂಡಕೊರಕದ ದುಂಬಿ ಹಾರುವ ಕಾಲ ಏಪ್ರಿಲ್-ಮೇ, ಮತ್ತೆ ಅಕ್ಟೋಬರ್-ನವೆಂಬರ್. ಅದರ ಹುಳು ಹಿಡಿದ ಗಿಡ ಪತ್ತೆ ಮಾಡುವ ಕೆಲಸಕ್ಕೆ ಮಾರ್ಚ್ ಕೊನೆಗೆ, ಸೆಪ್ಟೆಂಬರ್ ಕೊನೆಗೆ ಒಂದೊಂದು ನೆನಪೋಲೆ, ಮಳೆಗೆ ಮುಂಚಿನ ಬೋರ್ಡೋ (ಮೈಲುತುತ್ತು-ಸುಣ್ಣದ ದ್ರಾವಣ) ಸಿಂಪಡಣೆಗೆ ಮೇ ತಿಂಗಳಿಗೆ ಒಂದು. ಮುಂಗಡ ತೆರಿಗೆ ಕಟ್ಟುವವರಿಗೆ ಜೂನ್ 15, ಸೆಪ್ಟೆಂಬರ್ 15, ಡಿಸೆಂಬರ್ 15, ಮಾರ್ಚ್ 15. ನಿಮಗೆ ಅನ್ವಯಿಸುತ್ತದೋ ಇಲ್ಲವೋ ಆಡಿಟರ್ ಹತ್ತಿರ ಕೇಳಿಕೊಳ್ಳಿ. ಕ್ಯಾಲೆಂಡರ್ ತಾನಾಗಿ ಇಡುವ ಎಚ್ಚರಿಕೆ ಸಾಮಾನ್ಯವಾಗಿ 30 ನಿಮಿಷ ಮೊದಲು, ತೆರಿಗೆಗೆ ಅದು ಯಾತಕ್ಕೂ ಸಾಲದು. 'ಆ್ಯಡ್ ನೋಟಿಫಿಕೇಶನ್' ಒತ್ತಿ 7 ದಿನ ಮೊದಲು ಒಂದು, 1 ದಿನ ಮೊದಲು ಇನ್ನೊಂದು ಇಡಿ. ಮಳೆ ಲೆಕ್ಕವನ್ನೂ, 1 ಇಂಚು 40 ಸೆಂಟ್ (ಸೆಂಟ್ ಅಂದರೆ ಇಂಚಿನ ನೂರನೇ ಒಂದು ಭಾಗ) ಅಂತ ಆಯಾ ದಿನದ ಮೇಲೆ ಬರೆದಿಡುವ ಬೆಳೆಗಾರರಿದ್ದಾರೆ. ನಾಲ್ಕೈದು ವರ್ಷದ ಲೆಕ್ಕ ಅಕೌಂಟಿನಲ್ಲಿ ಕೂಡಿದ್ದರೆ ಅದರಷ್ಟು ಉಪಯೋಗದ ದಾಖಲೆ ಇನ್ನೊಂದಿಲ್ಲ.

ಇಷ್ಟೆಲ್ಲ ಅಕೌಂಟಿಗೆ ಸೇರಿಸಿದ ಮೇಲೆ ಅಕೌಂಟಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ನೋಡಲೇಬೇಕು. ಹತ್ತು ವರ್ಷದ ಹಿಂದೆ ಸೈಬರ್ ಸೆಂಟರಿನಲ್ಲಿ ಅರ್ಜಿ ಹಾಕಿಸುವಾಗ ಮಾಡಿಸಿದ ಐಡಿ ಆಗಿದ್ದರೆ ರಿಕವರಿ ಫೋನ್ (ಪಾಸ್‌ವರ್ಡ್ ಮರೆತರೆ ಕೋಡ್ ಬರುವ ನಂಬರ್) ಅಂತ ಆ ಅಂಗಡಿಯವರ ನಂಬರೇ ಇರುವ ಸಾಧ್ಯತೆ ಬಹಳ. ಇಲ್ಲವೇ ನೀವು ಎಂದೋ ಬಿಟ್ಟ ಸಿಮ್‌ನ ನಂಬರ್ ಇರುತ್ತದೆ. ಬಿಟ್ಟ ಸಿಮ್ ನಿಷ್ಕ್ರಿಯವಾಗಿ, ಆ ನಂಬರ್ ಬೇರೆಯವರ ಕೈಗೆ ಹೋಗುತ್ತದೆ. ಪಾಸ್‌ವರ್ಡ್ ಮರೆತ ದಿನ ಕೋಡ್ ಅವರಿಗೆ ಹೋಗುತ್ತದೆ, ನಿಮಗಲ್ಲ. ಈಗಿನ ಫೋನಿನಲ್ಲಿ ಅಕೌಂಟ್ ತೆರೆದೇ ಇರುವಾಗ ಸೆಟ್ಟಿಂಗ್ಸ್, ಗೂಗಲ್, ಮ್ಯಾನೇಜ್ ಅಕೌಂಟ್, ಸೆಕ್ಯುರಿಟಿ ಹೀಗೆ ಹೋಗಿ ರಿಕವರಿ ಫೋನ್ ಬದಲಿಸಿ. ರಿಕವರಿ ಇಮೇಲ್ ಅನ್ನುವ ಜಾಗದಲ್ಲಿ ಮನೆಯವರದ್ದೇ ಒಂದು ವಿಳಾಸ ಕೊಡಿ. ಬದಲಿಸಿದ ಮೇಲೂ 7 ದಿನದವರೆಗೆ ಹಳೇ ನಂಬರಿಗೆ ಕೋಡ್ ಕಳಿಸುವ ಅವಕಾಶವನ್ನು ಗೂಗಲ್ ಉಳಿಸಿಕೊಂಡಿರಬಹುದು. ಫೋನ್ ಬದಲಿಸುವ ಹಿಂದಿನ ರಾತ್ರಿ ಈ ಕೆಲಸಕ್ಕೆ ಕೂರಬೇಡಿ.

ಪಾಸ್‌ವರ್ಡ್ ಆದ ಮೇಲೆ ಇನ್ನೊಂದು ಗುರುತನ್ನೂ ಕೇಳುವ ಎರಡು ಹಂತದ ಭದ್ರತೆ ಹಾಕಿಕೊಂಡವರಿಗೆ ಬ್ಯಾಕಪ್ ಕೋಡ್ ಅಂತ 8 ಅಂಕಿಯ 10 ಸಂಖ್ಯೆ ಸಿಗುತ್ತವೆ, ಒಂದೊಂದೂ ಒಂದೇ ಸಲ ನಡೆಯುತ್ತದೆ. ಅದನ್ನು ಫೋಟೋ ತೆಗೆದು ಅದೇ ಫೋನಿನಲ್ಲಿ ಇಟ್ಟರೆ ಫೋನಿನ ಜೊತೆಗೇ ಹೋಗುತ್ತದೆ. ಕಾಗದದ ಮೇಲೆ ಬರೆದು, ಪಾಸ್‌ವರ್ಡನ್ನೂ ಸೇರಿಸಿ, ಪಹಣಿ, ಕ್ರಯಪತ್ರ ಇಡುವ ಬೀರುವಿನಲ್ಲಿಡಿ. ಪಾಸ್‌ವರ್ಡ್ ಬರೆದಿಡಬಾರದು ಅನ್ನುವ ಮಾತು ಪೇಟೆಯ ಆಫೀಸಿನವರಿಗೆ ಸರಿ. ತೋಟದ ಮನೆಯ ಅರವತ್ತೈದರ ಹಿರಿಯರಿಗೆ ಕಳ್ಳನಿಗಿಂತ ಮರೆವೇ ದೊಡ್ಡ ಅಪಾಯ.

ಇನ್ನು ಜಾಗದ ವಿಷಯ. ಪುಕ್ಕಟೆ ಸಿಗುವುದು 15 ಜಿಬಿ. ಮೇಲ್, ಡ್ರೈವ್, ಫೋಟೋ ಮೂರಕ್ಕೂ ಸೇರಿ ಅಷ್ಟೇ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ಗೆ ಹೋಗುವ ಹೊಸ ಚಿತ್ರಗಳೂ ಇದರ ಲೆಕ್ಕಕ್ಕೆ ಸೇರುತ್ತವೆ. ತುಂಬಿದರೆ ನಿಮಗೆ ಬರುವ ಮೇಲ್ ಕಳಿಸಿದವರಿಗೇ ವಾಪಸ್ ಹೋಗುತ್ತದೆ. ಮೇಲ್ ಹುಡುಕುವ ಜಾಗದಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಲಾರ್ಜರ್, ಕೋಲನ್, 10ಎಂ (larger:10M) ಅಂತ ಜಾಗ ಬಿಡದೆ ಟೈಪ್ ಮಾಡಿದರೆ 10 ಎಂಬಿಗಿಂತ ದೊಡ್ಡ ಮೇಲ್‌ಗಳು ಮಾತ್ರ ಬರುತ್ತವೆ, ಬೇಡದ್ದನ್ನು ಅಳಿಸಿ, ಕಸದ ಬುಟ್ಟಿಯನ್ನೂ ಖಾಲಿ ಮಾಡಿ. ಯಾವುದೋ ಕಾಲದ ಐಡಿಯನ್ನು 2 ವರ್ಷ ಒಮ್ಮೆಯೂ ತೆರೆಯದಿದ್ದರೆ ಗೂಗಲ್ ಅದನ್ನು ಅಳಿಸಿಬಿಡಬಹುದು. ಬ್ಯಾಂಕಿಗೆ ಕೊಟ್ಟ ಐಡಿ ಅದೇ ಆಗಿದ್ದರೆ ಈ ವಾರವೇ ತೆರೆಯಿರಿ.

ಹೊಸ ಫೋನ್ ಬಂದ ದಿನ ಅಂಗಡಿಯಲ್ಲಿ "ಹೊಸ ಐಡಿ ಮಾಡಲಾ ಸರ್" ಅಂತ ಕೇಳಿದರೆ ಬೇಡ ಅನ್ನಿ, ಬೀರುವಿನ ಕಾಗದ ಕೈಲಿ ಹಿಡಿದೇ ಹೋಗಿ. ಹಳೇ ಫೋನನ್ನು ಆವತ್ತೇ ಎಕ್ಸ್‌ಚೇಂಜ್‌ಗೆ ಕೊಡಬೇಡಿ, ರೀಸೆಟ್ ಮಾಡಲೂ ಬಿಡಬೇಡಿ. ಹದಿನೈದು ದಿನ ಚಾರ್ಜ್ ಮಾಡಿ ಮನೆಯಲ್ಲೇ ಇಟ್ಟುಕೊಂಡು ಹೊಸದರಲ್ಲಿ ಮೇಸ್ತ್ರಿಯ ನಂಬರ್ ಬಂದಿದೆಯಾ, ಡಿಸೆಂಬರ್ 24ರ ಬುಕಿಂಗ್ ಕಾಣುತ್ತದಾ ಅಂತ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ. ಕಾಣದಿದ್ದರೆ ಹಳೇ ಫೋನ್ ಹಿಡಿದುಕೊಂಡು ಮೊಬೈಲ್ ಹೇಳಿಕೊಡುವವರ ಹತ್ತಿರ ಹೋಗಿ. ಅದು ರೀಸೆಟ್ ಆಗಿಲ್ಲದಿದ್ದರೆ ಸಾಮಾನ್ಯವಾಗಿ ಅರ್ಧ ಗಂಟೆಯ ಕೆಲಸ.