ಕಿರಿಯ ಅಧಿಕಾರಿಯ ವಯಸ್ಸು ಮತ್ತು ಅನುಭವ: ಸೇನೆಗಳು ಹುಡುಕಿಕೊಂಡ ಉತ್ತರಗಳು

ಜಗತ್ತಿನ ಬಹುತೇಕ ಭೂಸೇನೆಗಳಲ್ಲಿ ಹೊಸದಾಗಿ ಕಮಿಷನ್ (ಅಧಿಕಾರಿ ಹುದ್ದೆಯ ನೇಮಕ) ಪಡೆದ ಲೆಫ್ಟಿನೆಂಟ್‌ಗೆ 21ರಿಂದ 24ರ ಆಸುಪಾಸಿನ ವಯಸ್ಸು. ಅವನ ಅಧೀನದಲ್ಲಿರುವ ಪ್ಲಟೂನಿನಲ್ಲಿ ಸುಮಾರು 30 ಮಂದಿ ಇರುತ್ತಾರೆ. ಅವರಲ್ಲಿ ಕೆಲವರು ಅವನು ಶಾಲೆಯಲ್ಲಿದ್ದಾಗಲೇ ಸಮವಸ್ತ್ರ ತೊಟ್ಟವರು, ಮದುವೆಯಾಗಿ ಮಕ್ಕಳನ್ನು ಕಂಡವರು, ಗುಂಡಿನ ಸದ್ದನ್ನು ಹತ್ತಿರದಿಂದ ಕೇಳಿದವರು. ಆದರೂ ಮುಂದೆ ಹೋಗಬೇಕೋ ನಿಲ್ಲಬೇಕೋ ಎಂಬುದನ್ನು ತೀರ್ಮಾನಿಸುವ ಅಧಿಕಾರ, ಆ ತೀರ್ಮಾನಕ್ಕೆ ಉತ್ತರ ಕೊಡುವ ಹೊಣೆ, ಎರಡೂ ಗುಂಪಿನಲ್ಲೇ ಅತಿ ಕಡಿಮೆ ಬದುಕು ಕಂಡವನ ಹೆಗಲ ಮೇಲಿರುತ್ತವೆ. ಬೇರೆ ಯಾವ ವೃತ್ತಿಯೂ ಇಂಥ ವ್ಯವಸ್ಥೆಯನ್ನು ಸಹಜವೆಂದು ಒಪ್ಪಲಾರದು. ಸೇನೆ ಇದನ್ನು ಹೇಗೆ ಒಪ್ಪಿಕೊಂಡಿತು, ಅದರ ಅಪಾಯವನ್ನು ತಗ್ಗಿಸಲು ಏನೇನು ಮಾಡಿತು ಎಂಬುದಕ್ಕೆ ದೀರ್ಘ ಇತಿಹಾಸವಿದೆ.

ಪ್ರಾಚೀನ ರೋಮ್‌ನ ಸೈನ್ಯದಲ್ಲೇ ಈ ಜೋಡಿ ಕಾಣಿಸುತ್ತದೆ. ಇಪ್ಪತ್ತರ ಹರೆಯದ ಶ್ರೀಮಂತ ಮನೆತನದ ಯುವಕರು ಟ್ರಿಬ್ಯೂನ್ ಹುದ್ದೆಯಲ್ಲಿ ಕೆಲವು ಕಾಲ ಸೇವೆ ಸಲ್ಲಿಸಿ ರಾಜಕೀಯಕ್ಕೆ ಮರಳುತ್ತಿದ್ದರು. ಸೈನ್ಯದ ನಿಜವಾದ ಬೆನ್ನೆಲುಬಾಗಿದ್ದವರು ತುಕಡಿ ನಾಯಕರಾದ ಸೆಂಚುರಿಯನ್‌ಗಳು. ಅವರಲ್ಲಿ ಹೆಚ್ಚಿನವರು ಸಾಮಾನ್ಯ ಸೈನಿಕರಾಗಿ ಸೇರಿ ಹಲವು ವರ್ಷ ದುಡಿದು ಆ ಸ್ಥಾನಕ್ಕೇರಿದವರು. ಅಧಿಕಾರ ಹುಟ್ಟಿನಿಂದ, ಅನುಭವ ಸೇವೆಯಿಂದ ಎಂಬ ಈ ಹಂಚಿಕೆಯೇ ಬೇರೆ ಬೇರೆ ರೂಪಗಳಲ್ಲಿ ಮುಂದುವರಿಯಿತು.

ಅಧಿಕಾರಿಯಾಗುವವನಿಗೆ ಇಂತಿಷ್ಟು ವಯಸ್ಸು, ಇಂತಿಷ್ಟು ಅನುಭವ ಬೇಕೆಂದು ಬರಹದಲ್ಲಿ ವಿಧಿಸಿದ ಮೊದಲ ಗಂಭೀರ ಪ್ರಯತ್ನಗಳಲ್ಲಿ ಒಂದು ನಡೆದದ್ದು ಸಮುದ್ರದಲ್ಲಿ. 1677ರಲ್ಲಿ ನೌಕಾ ಆಡಳಿತಗಾರ ಸ್ಯಾಮ್ಯುಯೆಲ್ ಪೀಪ್ಸ್ ಇಂಗ್ಲೆಂಡಿನ ನೌಕಾಪಡೆಗೆ ಲೆಫ್ಟಿನೆಂಟ್ ಪರೀಕ್ಷೆಯನ್ನು ತಂದರು. ಅಭ್ಯರ್ಥಿಗೆ ಕನಿಷ್ಠ 20 ವರ್ಷ ತುಂಬಿರಬೇಕಿತ್ತು ಮತ್ತು ಮೂರು ವರ್ಷ ಹಡಗಿನಲ್ಲಿ ದುಡಿದ ದಾಖಲೆ ಇರಬೇಕಿತ್ತು. ಗಾಳಿಯೂ ಅಲೆಯೂ ಯಾರ ವಂಶವನ್ನೂ ಕೇಳುವುದಿಲ್ಲವಾದ್ದರಿಂದ, ನೌಕಾಪಡೆಗೆ ಈ ಸತ್ಯ ಭೂಸೇನೆಗಿಂತ ಬೇಗ ಮನವರಿಕೆಯಾಯಿತೆಂದು ತೋರುತ್ತದೆ. ಆದರೆ ನಿಯಮದ ವಯಸ್ಸಿನ ಭಾಗ ಬಹಳ ಸಲ ಕಾಗದದಲ್ಲೇ ಉಳಿಯಿತು. ಮುಂದೆ ಬ್ರಿಟನ್ನಿನ ಹೆಸರಾಂತ ನೌಕಾ ಸೇನಾನಿಯಾದ ಹೊರೇಶಿಯೊ ನೆಲ್ಸನ್ 1777ರ ಏಪ್ರಿಲ್‌ನಲ್ಲಿ ಈ ಪರೀಕ್ಷೆಗೆ ಕುಳಿತಾಗ ಅವನಿಗೆ ಇನ್ನೂ ಹದಿನೆಂಟೂವರೆ ವರ್ಷ. ಪ್ರಮಾಣಪತ್ರದಲ್ಲಿ ಮಾತ್ರ ಇಪ್ಪತ್ತು ದಾಟಿದವನೆಂದು ಬರೆಯಲಾಯಿತು. ಪರೀಕ್ಷಾ ಮಂಡಳಿಯ ಮುಖ್ಯಸ್ಥನೇ ಅವನ ಸೋದರಮಾವ. ಹಾಗೆಂದು ಇದನ್ನು ಬರೀ ಸ್ವಜನಪಕ್ಷಪಾತವೆಂದು ತಳ್ಳಿಹಾಕುವುದು ಸರಿಯಾಗದು. 12ನೆಯ ವಯಸ್ಸಿಗೇ ಸೇರಿದ್ದ ಹುಡುಗ ಅಷ್ಟರಲ್ಲಿ ಉತ್ತರ ಧ್ರುವ ಪ್ರದೇಶದ ಹಿಮವನ್ನೂ ಪೂರ್ವದ ಕಡಲುಗಳನ್ನೂ ಕಂಡು ಬಂದಿದ್ದ. ವಯಸ್ಸಿನ ಲೆಕ್ಕದಲ್ಲಿ ಅವನು ಅನರ್ಹ, ಅನುಭವದ ಲೆಕ್ಕದಲ್ಲಿ ಅಲ್ಲ.

ಬ್ರಿಟಿಷ್ ಭೂಸೇನೆಯ ಪದಾತಿ ಮತ್ತು ಅಶ್ವದಳಗಳಲ್ಲಿ ಇಂಥ ಅಡೆತಡೆಯೂ ಇರಲಿಲ್ಲ. ಅಲ್ಲಿ ಕಮಿಷನ್ ಹಣಕ್ಕೆ ಸಿಗುತ್ತಿತ್ತು, ಮಕ್ಕಳ ಹೆಸರಿನಲ್ಲೂ ಖರೀದಿಯಾಗುತ್ತಿತ್ತು. 1795ರಲ್ಲಿ ದಂಡನಾಯಕತ್ವ ವಹಿಸಿಕೊಂಡ ಡ್ಯೂಕ್ ಆಫ್ ಯಾರ್ಕ್ ಕನಿಷ್ಠ ವಯಸ್ಸನ್ನು 16ಕ್ಕೆ ನಿಗದಿಮಾಡಿದ್ದೇ ಆಗ ದೊಡ್ಡ ಸುಧಾರಣೆ ಎನಿಸಿತು. ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿ 1787ರಲ್ಲಿ ಸೇನೆ ಸೇರಿ, 24ನೆಯ ವಯಸ್ಸಿಗೆ ಲೆಫ್ಟಿನೆಂಟ್ ಕರ್ನಲ್ ಆದದ್ದು ಇದೇ ಖರೀದಿ ಪದ್ಧತಿಯಿಂದ. ಅದು ಕೊನೆಗೊಂಡದ್ದು 1871ರಲ್ಲಿ.

ಎಳೆಯರ ಕೈಗೆ ಅಧಿಕಾರ ಕೊಡುವುದು ಅಪಾಯವೆಂದರೆ, ಅದರ ವಿರುದ್ಧ ತುದಿಯೂ ಅಷ್ಟೇ ಅಪಾಯಕಾರಿಯಾಗಿತ್ತು. 1806ರಲ್ಲಿ ಯೇನಾ ಮತ್ತು ಔವರ್‌ಷ್ಟೆಟ್‌ನಲ್ಲಿ ನೆಪೋಲಿಯನ್ನನ ಪಡೆಗಳೆದುರು ಕುಸಿದುಬಿದ್ದ ಪ್ರಷ್ಯನ್ ಸೈನ್ಯದ ದಂಡನಾಯಕನಿಗೆ 71 ವರ್ಷ, ಹಿರಿಯ ಫೀಲ್ಡ್ ಮಾರ್ಷಲ್ ಮೊಲೆನ್‌ಡಾರ್ಫ್‌ಗೆ 82. ಕೆಳಗಿನ ಸ್ತರದಲ್ಲೂ ಇದೇ ಕಥೆ. ಕಂಪನಿ ಎಂಬ ತನ್ನ ಸೈನಿಕ ತುಕಡಿಯ ಖರ್ಚುವೆಚ್ಚ ನಿಭಾಯಿಸುವುದರಿಂದ ಕ್ಯಾಪ್ಟನ್‌ಗೆ ಒಳ್ಳೆಯ ಆದಾಯ ಬರುತ್ತಿದ್ದುದರಿಂದ ಯಾರೂ ಹುದ್ದೆ ಬಿಟ್ಟುಕೊಡುತ್ತಿರಲಿಲ್ಲ, ಲೆಫ್ಟಿನೆಂಟ್‌ಗಳು ಕಾಯುತ್ತಲೇ ಮುದುಕರಾಗುತ್ತಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಬಂಗಾಳ ಸೇನೆಯಲ್ಲೂ ಬಡ್ತಿ ಕಟ್ಟುನಿಟ್ಟಾಗಿ ಸೇವಾಜ್ಯೇಷ್ಠತೆಯಂತೆ ನಡೆಯುತ್ತಿದ್ದುದರಿಂದ 1857ರ ವೇಳೆಗೆ ಸುಬೇದಾರರಲ್ಲಿ ಅನೇಕರು ದಣಿದ ವೃದ್ಧರಾಗಿದ್ದರು. ಸೋಲಿನಿಂದ ಪಾಠ ಕಲಿತ ಪ್ರಷ್ಯಾ 1808ರ ಆಗಸ್ಟ್‌ನಲ್ಲಿ ಹೊರಡಿಸಿದ ಆಜ್ಞೆಯಲ್ಲಿ, ಶಾಂತಿಕಾಲದಲ್ಲಿ ಜ್ಞಾನ ಮತ್ತು ಶಿಕ್ಷಣ, ಯುದ್ಧಕಾಲದಲ್ಲಿ ಶೌರ್ಯ ಮತ್ತು ಗ್ರಹಣಶಕ್ತಿ, ಇವೇ ಅಧಿಕಾರಿಯಾಗಲು ಅರ್ಹತೆ ಎಂದು ಸಾರಿತು. ಅಮೆರಿಕದ ವೆಸ್ಟ್ ಪಾಯಿಂಟ್ ಮತ್ತು ಫ್ರಾನ್ಸಿನ ಸೇಂಟ್ ಸಿರ್ ಅಕಾಡೆಮಿಗಳು 1802ರಲ್ಲೇ ಹುಟ್ಟಿಕೊಂಡಿದ್ದವು. ಹೀಗೆ 19ನೆಯ ಶತಮಾನದಲ್ಲಿ ಅಧಿಕಾರಿಯೆಂದರೆ ತರಬೇತಿ ಪಡೆದ ಯುವಕ ಎಂಬ ಚಿತ್ರ ಗಟ್ಟಿಯಾಯಿತು. ಓದು ಬಂತು, ಬದುಕಿನ ಅನುಭವದ ಪ್ರಶ್ನೆ ಹಾಗೇ ಉಳಿಯಿತು.

ಅದು ತೀಕ್ಷ್ಣವಾಗಿ ಎದ್ದುಬಂದದ್ದು ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ. ಶಾಲೆ ಮುಗಿಸಿದ ಹದಿನೆಂಟು ಹತ್ತೊಂಬತ್ತರ ಹುಡುಗರು ಸೆಕೆಂಡ್ ಲೆಫ್ಟಿನೆಂಟ್‌ಗಳಾಗಿ, ತಮ್ಮ ಎರಡರಷ್ಟು ವಯಸ್ಸಿನ ಗಣಿ ಕಾರ್ಮಿಕರನ್ನೂ ರೈತರನ್ನೂ ಮುನ್ನಡೆಸಬೇಕಾಯಿತು. ಬ್ರಿಟಿಷ್ ಸೇನೆ ಅವರಿಗೆ ವಹಿಸಿದ್ದ ದಿನನಿತ್ಯದ ಕೆಲಸಗಳನ್ನು ಗಮನಿಸಿದರೆ, ಅನುಭವ ಹೇಗೆ ಹುಟ್ಟುತ್ತದೆಂಬುದರ ಸುಳಿವು ಸಿಗುತ್ತದೆ. ಕೆಸರು ನೀರಿನಲ್ಲಿ ನಿಂತು ಪಾದ ಕೊಳೆಯದಂತೆ ಸೈನಿಕರು ಬೂಟು ಕಳಚಿ, ಕಾಲೊರೆಸಿ, ತಿಮಿಂಗಿಲದ ಎಣ್ಣೆ ತಿಕ್ಕಿಕೊಳ್ಳಬೇಕಿತ್ತು. ಪ್ರತಿಯೊಬ್ಬನ ಪಾದವನ್ನೂ ಕಣ್ಣಾರೆ ಪರೀಕ್ಷಿಸುವುದು ಪ್ಲಟೂನ್ ಅಧಿಕಾರಿಯ ಕರ್ತವ್ಯವಾಗಿತ್ತು. ಸೈನಿಕರು ಮನೆಗೆ ಬರೆದ ಕಾಗದಗಳನ್ನು ಓದಿ, ಸೇನೆಯ ಗುಟ್ಟುಗಳಿದ್ದರೆ ಅಳಿಸುವ ಕೆಲಸವೂ ಅವನದೇ. ಆ ಕಾಗದಗಳ ಮೂಲಕ ಹತ್ತೊಂಬತ್ತರ ಹುಡುಗ ಯಾರದೋ ಸಾಲ, ಯಾರದೋ ಹೆಂಡತಿಯ ಕಾಯಿಲೆ, ಯಾರೋ ನೋಡದೇ ಇರುವ ಮಗುವಿನ ಹೆಸರು ಎಲ್ಲವನ್ನೂ ಅರಿಯುತ್ತಿದ್ದ. ಬೆಳಗ್ಗೆ ಅದೇ ಮನುಷ್ಯನನ್ನು ಗಸ್ತಿಗೆ ಕಳಿಸುವ ಆಜ್ಞೆ ಕೊಡುತ್ತಿದ್ದ. ಬದುಕಿ ಉಳಿದವರು ಕೆಲವೇ ತಿಂಗಳಲ್ಲಿ ವಯಸ್ಸಿಗೆ ಮೀರಿ ಮಾಗಿದರು. ಆದರೆ ಸಾಮಾನ್ಯ ಸೈನಿಕರಿಗಿಂತ ಅಧಿಕಾರಿಗಳು ಸತ್ತ ಪ್ರಮಾಣವೇ ಹೆಚ್ಚಾಗಿತ್ತು ಎಂಬುದನ್ನು ಮರೆಯಬಾರದು. 1916ರ ಫೆಬ್ರುವರಿಯಲ್ಲಿ ಬ್ರಿಟನ್ ಅಧಿಕಾರಿ ಕೆಡೆಟ್ ಬೆಟಾಲಿಯನ್‌ಗಳನ್ನು ಆರಂಭಿಸಿ, ಸಾಮಾನ್ಯವಾಗಿ ಸೈನಿಕನಾಗಿ ದುಡಿದು ಬಂದವರಿಗೇ ನಾಲ್ಕು ತಿಂಗಳ ತರಬೇತಿ ನೀಡತೊಡಗಿತು.

ಆ ಯುದ್ಧದಲ್ಲಿ ಇಪ್ಪತ್ತನೆಯ ವಯಸ್ಸಿಗೆ ಟ್ಯಾಂಕ್ ಅಧಿಕಾರಿಯಾಗಿ 1917ರ ಕ್ಯಾಂಬ್ರೇ ಕದನದಲ್ಲಿ ಶೌರ್ಯಪದಕ ಪಡೆದ ವಿಲ್‌ಫ್ರೆಡ್ ಬಯಾನ್ ಮುಂದೆ ಮನೋವೈದ್ಯರಾದರು. 1942ರಲ್ಲಿ ಬ್ರಿಟಿಷ್ ಸೇನೆಯ ಹೊಸ ಆಯ್ಕೆ ಮಂಡಳಿಗಳಿಗಾಗಿ ಅವರು ರೂಪಿಸಿದ ಪರೀಕ್ಷೆಯಲ್ಲಿ ಅಭ್ಯರ್ಥಿಗಳ ಗುಂಪಿಗೆ ನಾಯಕನಿಲ್ಲದೆ ಒಂದು ಕೆಲಸ ಕೊಡಲಾಗುತ್ತಿತ್ತು. ತಾನು ಗೆಲ್ಲಬೇಕೆಂಬ ಆಸೆಯ ನಡುವೆಯೂ ಜೊತೆಗಿರುವವರತ್ತ ಯಾರ ಗಮನ ಉಳಿಯುತ್ತದೆ ಎಂಬುದನ್ನು ನೋಡುವುದು ಅದರ ಉದ್ದೇಶ. ವಂಶ, ಶಾಲೆ, ವಯಸ್ಸು ಯಾವುದನ್ನೂ ಲೆಕ್ಕಿಸದೆ ಮನುಷ್ಯನ ಪಕ್ವತೆಯನ್ನೇ ಅಳೆಯಲು ಹೊರಟ ಈ ವಿಧಾನ, ಭಾರತದ ಸೇವಾ ಆಯ್ಕೆ ಮಂಡಳಿಗಳೂ ಸೇರಿದಂತೆ ಹಲವು ದೇಶಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ಅತ್ಯಂತ ಮಾನವೀಯ ತಿರುವು ಇದೇ.

ಆಯ್ಕೆ ಎಷ್ಟೇ ಚೆನ್ನಾಗಿದ್ದರೂ ಹೊಸ ಅಧಿಕಾರಿಗೆ ಮೊದಲ ವರ್ಷಗಳಲ್ಲಿ ಅನುಭವ ಎರವಲಾಗಿಯೇ ಸಿಗಬೇಕು. ಅದನ್ನು ಕೊಡುವವನು ಪ್ಲಟೂನ್ ಸಾರ್ಜೆಂಟ್. ಭಾರತದಂಥ ಸೇನೆಗಳಲ್ಲಿ ಸುಬೇದಾರ್ ಅಥವಾ ನಾಯಬ್ ಸುಬೇದಾರ್. ಕಾಲಿನ ಬೊಬ್ಬೆ ಮುಚ್ಚಿಟ್ಟು ನಡೆಯುತ್ತಿರುವವನು ಯಾರು, ಮನೆಯಿಂದ ಫೋನ್ ಬಂದಮೇಲೆ ಮಾತು ಬಿಟ್ಟವನು ಯಾರು ಎಂಬುದು ಅವರಿಗೆ ಗೊತ್ತಿರುತ್ತದೆ. ಎಲ್ಲರೆದುರು ಅಧಿಕಾರಿಯನ್ನು ತಿದ್ದದೆ, ಪಕ್ಕಕ್ಕೆ ಕರೆದು ಎರಡು ಮಾತು ಹೇಳುವ ಜಾಣ್ಮೆಯೂ ಅವರಲ್ಲಿರುತ್ತದೆ. ಆ ಎರಡು ಮಾತನ್ನು ಕೇಳಿಸಿಕೊಳ್ಳುವುದು, ಕೇಳಿಸಿಕೊಂಡ ಮೇಲೂ ತೀರ್ಮಾನ ತನ್ನದೇ ಎಂದು ಒಪ್ಪಿಕೊಳ್ಳುವುದು, ಎರಡನ್ನೂ ಒಟ್ಟಿಗೆ ಕಲಿತವನು ಮಾತ್ರ ಅಧಿಕಾರಿಯಾಗಿ ನಿಲ್ಲುತ್ತಾನೆ.

ಈ ಎರವಲು ತಪ್ಪಿಹೋದರೆ ಏನಾಗಬಹುದೆಂಬುದನ್ನು ವಿಯೆಟ್ನಾಂ ತೋರಿಸಿತು. ಅಲ್ಲಿ ಅಮೆರಿಕದ ಸೈನಿಕರು ಒಂದು ವರ್ಷ ಸೇವೆ ಸಲ್ಲಿಸಿದರೆ, ಅಧಿಕಾರಿಗಳು ಸಾಮಾನ್ಯವಾಗಿ ಆರು ತಿಂಗಳಿಗೇ ತುಕಡಿಯ ನಾಯಕತ್ವ ಬಿಟ್ಟು ಬೇರೆ ಕೆಲಸಕ್ಕೆ ಹೋಗುತ್ತಿದ್ದರು. ಅನುಭವಿ ಸಾರ್ಜೆಂಟ್‌ಗಳ ಕೊರತೆ ಎಷ್ಟಾಯಿತೆಂದರೆ, 1967ರಲ್ಲಿ ಫೋರ್ಟ್ ಬೆನ್ನಿಂಗ್‌ನಲ್ಲಿ ಹೊಸ ಸೈನಿಕರನ್ನೇ ಕೆಲವು ತಿಂಗಳಲ್ಲಿ ಸಾರ್ಜೆಂಟ್ ಮಾಡುವ ಶಿಕ್ಷಣ ಶುರುವಾಯಿತು. ಎರವಲು ಕೊಡಬೇಕಾದವನೂ ಪಡೆಯಬೇಕಾದವನೂ ಒಂದೇ ವಯಸ್ಸಿನ ಹೊಸಬರಾದರು.

1968ರ ಮಾರ್ಚ್ 16ರಂದು ಮೈ ಲಾಯ್ ಹಳ್ಳಿಯಲ್ಲಿ ನೂರಾರು ನಿರಾಯುಧ ಜನರ ಹತ್ಯೆ ನಡೆದಾಗ ಪ್ಲಟೂನ್ ನಾಯಕನಾಗಿದ್ದ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಗೆ 24 ವರ್ಷ. ಕಾಲೇಜು ಅರ್ಧಕ್ಕೆ ಬಿಟ್ಟು, ಹಲವು ಕೆಲಸ ಮಾಡಿ ಸೇನೆಗೆ ಬಂದಿದ್ದವನು. ಅಂದು ಆಕಾಶದಿಂದ ಅದನ್ನು ಕಂಡು, ಹಳ್ಳಿಗರಿಗೂ ತನ್ನದೇ ದೇಶದ ಸೈನಿಕರಿಗೂ ನಡುವೆ ಹೆಲಿಕಾಪ್ಟರ್ ಇಳಿಸಿ ಕೆಲವರ ಜೀವ ಉಳಿಸಿದ ಪೈಲಟ್ ವಾರಂಟ್ ಅಧಿಕಾರಿ ಹ್ಯೂ ಥಾಂಪ್ಸನ್‌ಗೂ 24 ವರ್ಷವೇ. ಇಬ್ಬರೂ ಹುಟ್ಟಿದ್ದು 1943ರಲ್ಲಿ, ಎರಡು ತಿಂಗಳೊಳಗಿನ ಅಂತರದಲ್ಲಿ. ಥಾಂಪ್ಸನ್ ಅದಕ್ಕೂ ಮೊದಲು ನೌಕಾಪಡೆಯ ನಿರ್ಮಾಣ ದಳದಲ್ಲಿ ದುಡಿದು, ಊರಿಗೆ ಮರಳಿ ಅಂತ್ಯಸಂಸ್ಕಾರದ ವೃತ್ತಿ ಮಾಡಿದ್ದವರು. ಸಾವಿನ ಎದುರು ಕುಳಿತ ಕುಟುಂಬಗಳ ಜೊತೆ ಮಾತಾಡಿದ ಆ ದಿನಗಳೇ ಅವರನ್ನು ಅಂದು ಹಾಗೆ ನಡೆಸಿದವೆಂದು ಖಚಿತವಾಗಿ ಹೇಳಲಾಗದು. ಅವರ ಹೆಲಿಕಾಪ್ಟರ್‌ನ ಗನ್ನರ್ ಲಾರೆನ್ಸ್ ಕೋಲ್‌ಬರ್ನ್‌ಗೆ ಕೇವಲ 18 ವರ್ಷ, ಅವನೂ ಕದಲದೆ ಜೊತೆಗೆ ನಿಂತ. ಹುಟ್ಟಿದ ದಿನಾಂಕವಾಗಲಿ, ಹಿಂದೆ ಮಾಡಿದ ಕೆಲಸಗಳ ಪಟ್ಟಿಯಾಗಲಿ ಪಕ್ವತೆಗೆ ಪುರಾವೆಯಾಗುವುದಿಲ್ಲ.

ಇಂದಿನ ಸೇನೆಗಳು ಬೇರೆ ಬೇರೆ ದಾರಿ ಹಿಡಿದಿವೆ. ಇಸ್ರೇಲ್‌ನಲ್ಲಿ ಅಧಿಕಾರಿಯಾಗುವವನು ಸಾಮಾನ್ಯವಾಗಿ ಮೊದಲು ಸೈನಿಕನಾಗಿ ದುಡಿದಿರುತ್ತಾನೆ. ಪ್ಲಟೂನ್ ನಾಯಕನ ವಯಸ್ಸು ಇಪ್ಪತ್ತರ ಆಸುಪಾಸಿನಲ್ಲಿದ್ದರೂ ಕೆಳಗಿನವರ ಬದುಕು ಅವನಿಗೆ ಹೊಸದಲ್ಲ. ಜರ್ಮನಿ 1973ರಿಂದ ತನ್ನ ಅಧಿಕಾರಿ ಅಭ್ಯರ್ಥಿಗಳಿಗೆ ಸೇನೆಯದೇ ವಿಶ್ವವಿದ್ಯಾಲಯಗಳಲ್ಲಿ ನಾಗರಿಕ ಪದವಿ ಓದಿಸುತ್ತಿದೆ. ಬ್ರಿಟನ್‌ನ ಸ್ಯಾಂಡ್‌ಹರ್ಸ್ಟ್‌ಗೆ ಬರುವವರಲ್ಲಿ ಹೆಚ್ಚಿನವರು ಈಗ ಪದವೀಧರರು. ಭಾರತದಲ್ಲಿ ಹದಿನಾರೂವರೆ ವಯಸ್ಸಿಗೇ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರಬಹುದು, ಜವಾನನಾಗಿ ದುಡಿದು ಆರ್ಮಿ ಕೆಡೆಟ್ ಕಾಲೇಜಿನ ಮೂಲಕವೂ ಅಧಿಕಾರಿಯಾಗಬಹುದು.

ಬಗೆಹರಿಯದೆ ಉಳಿದಿರುವುದು ತಡವಾಗಿ ಬಂದವರ ಪ್ರಶ್ನೆ. ಎರಡು ದಶಕ ಸೇವೆ ಸಲ್ಲಿಸಿ ಕಮಿಷನ್ ಪಡೆದ ಹಿರಿಯರನ್ನು ಬ್ರಿಟನ್ನಿನಂಥ ಸೇನೆಗಳು ಹೆಚ್ಚಾಗಿ ಉಗ್ರಾಣ, ಆಡಳಿತ, ತರಬೇತಿಯ ಹುದ್ದೆಗಳಿಗೆ ಹಾಕುತ್ತವೆ. ಮೂವತ್ತರ ಆಸುಪಾಸಿನಲ್ಲಿ ಬೇರೆ ವೃತ್ತಿಯಿಂದ ಬಂದವನಿಗೆ ಬಡ್ತಿಯ ಏಣಿಯಲ್ಲಿ ಮೇಲಿನ ಮೆಟ್ಟಿಲು ತಲುಪಲು ವರ್ಷಗಳೇ ಸಾಲುವುದಿಲ್ಲ, ಏಕೆಂದರೆ ಇಷ್ಟು ವಯಸ್ಸಿಗೆ ಈ ಹುದ್ದೆ, ಇಲ್ಲವಾದರೆ ನಿವೃತ್ತಿ ಎಂಬ ಲೆಕ್ಕ ಇಪ್ಪತ್ತೊಂದಕ್ಕೆ ಸೇರಿದವನನ್ನು ಮನಸ್ಸಿನಲ್ಲಿಟ್ಟು ಹಾಕಿದ್ದು. ಗುಡ್ಡ ಹತ್ತುವ ದೇಹಬಲಕ್ಕೆ ಯೌವನ ಬೇಕೆಂಬ ವಾದವನ್ನು ಪದಾತಿದಳದ ಮಟ್ಟಿಗೆ ಒಪ್ಪಬಹುದು. ಸಂಪರ್ಕ, ವೈದ್ಯಕೀಯ, ಎಂಜಿನಿಯರಿಂಗ್, ಸೈಬರ್ ವಿಭಾಗಗಳಿಗೂ ಅದೇ ಏಣಿಯನ್ನು ಅನ್ವಯಿಸುತ್ತಿರುವುದಕ್ಕೆ ರೂಢಿಯ ಹೊರತಾಗಿ ಬಲವಾದ ಕಾರಣ ನನಗೆ ಕಾಣುವುದಿಲ್ಲ.